ಸೊಂಟ ಉಳುಕಿದ ಕಾರ್ಮಿಕರ ಮೊದಲ ಆರು ವಾರ: ಚಿಕಿತ್ಸೆ, ಚೀಟಿ, ಮರಳಿ ಕೆಲಸ

ಮೂಟೆ ಎತ್ತುವಾಗಲೋ ಅಚ್ಚು ತಿರುಗಿಸುವಾಗಲೋ ಸೊಂಟ ಹಿಡಿದುಕೊಂಡರೆ, ಹೆಚ್ಚಿನವರಿಗೆ ಆ ನೋವು ಆರು ವಾರದೊಳಗೆ ಬಹುಪಾಲು ತಗ್ಗುತ್ತದೆ. ಆದರೂ ಕೆಲವರು ತಿಂಗಳುಗಟ್ಟಲೆ ಮನೆಯಲ್ಲೇ ಉಳಿಯುತ್ತಾರೆ, ಕೆಲವರು ಕೆಲಸವನ್ನೇ ಕಳೆದುಕೊಳ್ಳುತ್ತಾರೆ. ಎಷ್ಟೋ ಸಲ ಅದಕ್ಕೆ ಕಾರಣ ಬೆನ್ನಿನ ಗಾಯವಲ್ಲ. ವರದಿ ತಡವಾಗಿರುತ್ತದೆ, ಬೇಡದ ಸ್ಕ್ಯಾನ್ ಹೆದರಿಸಿರುತ್ತದೆ, ‘ಪೂರ್ತಿ ವಾಸಿಯಾದ ಮೇಲೇ ಬಾ’ ಎಂದು ಸೂಪರ್‌ವೈಸರ್ ಹೇಳಿರುತ್ತಾರೆ. ಕರ್ನಾಟಕದ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಖಾನೆಗಳಲ್ಲಿ ಎಚ್‌ಆರ್, ಸೇಫ್ಟಿ ಆಫೀಸರ್, ದವಾಖಾನೆಯ ವೈದ್ಯರು ಮತ್ತು ಕಾರ್ಮಿಕರು ಇದನ್ನು ಹೇಗೆ ನಿಭಾಯಿಸಬೇಕೆಂಬುದು ಇಲ್ಲಿದೆ.

ಪೆಟ್ಟಾದ ದಿನ

ಅದೇ ಶಿಫ್ಟ್ ಮುಗಿಯುವುದರೊಳಗೆ ಆಕ್ಸಿಡೆಂಟ್ ರಿಜಿಸ್ಟರ್‌ನಲ್ಲಿ ಬರೆಯಿರಿ: ಎಷ್ಟು ಹೊತ್ತಿಗೆ, ಎಷ್ಟು ಕೆ.ಜಿ., ಎಲ್ಲಿಂದ ಎಲ್ಲಿಗೆ ಎತ್ತುವಾಗ, ನೋಡಿದವರು ಯಾರು. ಇಎಸ್‌ಐಗೆ ಅಪಘಾತ ವರದಿಯನ್ನು 24 ಗಂಟೆಯೊಳಗೆ ಸಲ್ಲಿಸಿ. ಸೊಂಟದ ಪೆಟ್ಟಿನಲ್ಲಿ ರಕ್ತ ಬರುವುದಿಲ್ಲ, ಮೂಳೆ ಮುರಿಯುವುದಿಲ್ಲ, ಹಾಗಾಗಿ ಆ ದಿನ ಯಾರೂ ಬರೆಯುವುದಿಲ್ಲ. ಮೂರನೇ ದಿನ ಹಾಸಿಗೆಯಿಂದ ಏಳಲಾಗದಿದ್ದಾಗ ‘ಮನೆಯಲ್ಲೇ ಆಗಿರಬೇಕು’ ಎಂಬ ತಕರಾರು ಶುರುವಾಗುತ್ತದೆ.

ವರದಿ ಇಲ್ಲದಿದ್ದರೆ ರಜೆ ಚೀಟಿ ಸಾಮಾನ್ಯ ಕಾಯಿಲೆಯ ಲೆಕ್ಕಕ್ಕೆ ಸೇರುತ್ತದೆ. ಆಗ ಸಿಗುವುದು ದಿನಗೂಲಿಯ ಸರಾಸರಿಯ ಶೇ 70, ಅದೂ ವರ್ಷಕ್ಕೆ 91 ದಿನ ಮಾತ್ರ. ಜೊತೆಗೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು. ಕೆಲಸದ ಪೆಟ್ಟೆಂದು ದಾಖಲಾದರೆ ಶೇ 90 ಸಿಗುತ್ತದೆ, ಅಶಕ್ತತೆ ಇರುವಷ್ಟು ದಿನವೂ ಸಿಗುತ್ತದೆ, ವಂತಿಗೆಯ ದಿನಗಳ ಷರತ್ತಿಲ್ಲ. ಪೆಟ್ಟಾದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸ ಮಾಡಲಾಗದಿರಬೇಕು, ಅಷ್ಟೆ. ಹೊಸದಾಗಿ ಸೇರಿದವರಿಗೆ ಈ ಒಂದು ವರದಿಯೇ ಮನೆಯ ಒಲೆ ಉರಿಸುವ ವಿಚಾರ.

ವೈದ್ಯರು ಮೊದಲು ನೋಡಬೇಕಾದ್ದು

ತುರ್ತು ಲಕ್ಷಣಗಳನ್ನು ಬಾಯಿ ಬಿಟ್ಟು ಕೇಳಿ. ಮೂತ್ರ ಕಟ್ಟಿದೆಯೇ ಅಥವಾ ತಿಳಿಯದೆ ಹೋಗುತ್ತಿದೆಯೇ, ತೊಡೆಸಂದಿ ಮತ್ತು ಗುದದ ಸುತ್ತ ಜೋಮು ಇದೆಯೇ, ಪಾದ ಎತ್ತಲಾಗುತ್ತಿಲ್ಲವೇ? ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಕಳಿಸಿ. ಎತ್ತರದಿಂದ ಬಿದ್ದಿದ್ದರೆ, ಕ್ಯಾನ್ಸರ್ ಆಗಿದ್ದರೆ, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಕೂಡಲೇ ತಪಾಸಣೆ ಬೇಕು. ನಮ್ಮಲ್ಲಿ ಇನ್ನೊಂದನ್ನು ಮರೆಯಬಾರದು: ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ‘ಮೂಟೆ ಎತ್ತಿದ್ದಕ್ಕೇ ಬಂತು’ ಎಂದು ಕಾರ್ಮಿಕರೇ ಹೇಳಿದರೂ ಇದನ್ನು ಕೇಳಲೇಬೇಕು.

ಇವು ಯಾವುವೂ ಇಲ್ಲದಿದ್ದರೆ ಮೊದಲ ಆರು ವಾರ ಎಕ್ಸ್-ರೇ, ಎಂಆರ್‌ಐ ಬೇಡ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಮರ್ಶೆಯಲ್ಲಿ 20ರ ವಯಸ್ಸಿನವರಲ್ಲಿ ಶೇ 37, 80ರ ವಯಸ್ಸಿನವರಲ್ಲಿ ಶೇ 96 ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿತ್ತು. ಅಂದರೆ ಸ್ಕ್ಯಾನ್ ಮಾಡಿದರೆ ಏನೋ ಒಂದು ಕಂಡೇ ಕಾಣುತ್ತದೆ. ‘ಡಿಸ್ಕ್ ಹೋಗಿದೆ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬಗ್ಗುವುದಕ್ಕೂ ಹೆದರುವವರೇ ಹೆಚ್ಚು.

ಹಾಸಿಗೆ ಹಿಡಿಸಬೇಡಿ. ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೋವು ತಡೆಯುವಷ್ಟು ಎಂದಿನಂತೆ ಓಡಾಡಿದವರೇ ಬೇಗ ಚೇತರಿಸಿಕೊಂಡರು, ಎರಡು ದಿನ ಮಲಗಿದವರದು ಎಲ್ಲರಿಗಿಂತ ನಿಧಾನ. ಬಿಸಿ ಶಾಖ, ದಿನಕ್ಕೆ ನಾಲ್ಕೈದು ಸಲ ಹತ್ತು ನಿಮಿಷದ ನಡಿಗೆ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರದಿರುವುದು, ಮೊದಲಿಗೆ ಇಷ್ಟು ಸಾಕು. ಮಾತ್ರೆ ಬೇಕಾದರೆ ಐಬುಪ್ರೊಫೇನ್‌ನಂಥ ಉರಿಯೂತ ಇಳಿಸುವ ಔಷಧ, ಕೆಲವೇ ದಿನ, ಊಟದ ನಂತರ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದು ಬೇಡ. ಪ್ಯಾರಸಿಟಮಾಲ್ ಒಂದರಿಂದಲೇ ಚೇತರಿಕೆ ಬೇಗ ಆಗುವುದಿಲ್ಲ ಎಂದು ಆಸ್ಟ್ರೇಲಿಯಾದ 2014ರ ಪ್ರಯೋಗ ತೋರಿಸಿತು. ಅಲ್ಲಿನದೇ 2023ರ ಪ್ರಯೋಗದಲ್ಲಿ ಓಪಿಯಾಯ್ಡ್ (ಅಫೀಮು ಜಾತಿಯ ನೋವುನಿವಾರಕ) ಮಾತ್ರೆಯೂ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಸೊಂಟದ ಬೆಲ್ಟ್, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ), ಅಲ್ಟ್ರಾಸೌಂಡ್ ಶಾಖ ಕೊಡಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಹೇಳುತ್ತದೆ. ದಿನಾ ಬಸ್ಸು ಹತ್ತಿ ಟ್ರ್ಯಾಕ್ಷನ್‌ಗೆ ಹೋಗಿಬರುವ ಬದಲು ಅದೇ ಹೊತ್ತು ನಡೆದರೆ ಬೆನ್ನಿಗೆ ಹೆಚ್ಚು ಒಳ್ಳೆಯದು.

ಚೀಟಿಯಲ್ಲಿ ಏನು ಬರೆಯಬೇಕು

ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿ. ಇಎಸ್‌ಐ ಸರ್ಟಿಫಿಕೇಟ್‌ನಲ್ಲಿರುವುದು ಎರಡೇ: ರಜೆ ಅಥವಾ ಫಿಟ್. ನಡುವಿನ ಹಂತವಿಲ್ಲ. ‘ಲೈಟ್ ಡ್ಯೂಟಿ ಕೊಡಿ’ ಎಂದಷ್ಟೇ ಬರೆದರೆ ಸೂಪರ್‌ವೈಸರ್‌ಗೆ ಏನೂ ತಿಳಿಯುವುದಿಲ್ಲ, 20 ಕೆ.ಜಿ. ಪೆಟ್ಟಿಗೆಯೂ ಅವರ ಕಣ್ಣಿಗೆ ಹಗುರವೇ. ಫಿಟ್ ಸರ್ಟಿಫಿಕೇಟ್ ಜೊತೆ ಬೇರೆ ಹಾಳೆಯಲ್ಲಿ ಅಳತೆ ಸಮೇತ ಬರೆಯಿರಿ:

‘ಸೊಂಟದಿಂದ ಎದೆಮಟ್ಟದ ನಡುವೆ 7 ಕೆ.ಜಿ.ವರೆಗೆ ಎತ್ತಬಹುದು. ನೆಲದಿಂದ ಎತ್ತುವಂತಿಲ್ಲ. 30 ನಿಮಿಷಕ್ಕೊಮ್ಮೆ ಕೂತಿದ್ದರೆ ಏಳಬೇಕು, ನಿಂತಿದ್ದರೆ ಕೂರಬೇಕು. ಫೋರ್ಕ್‌ಲಿಫ್ಟ್ ಓಡಿಸುವಂತಿಲ್ಲ. 7 ದಿನಕ್ಕೆ ಮತ್ತೆ ತೋರಿಸಬೇಕು.’

ಕಾಯಿಲೆಯ ಹೆಸರು ಕಾರ್ಖಾನೆಗೆ ಬೇಕಿಲ್ಲ, ಏನು ಮಾಡಬಲ್ಲರು ಎಂಬುದು ಬೇಕು. ಕೊನೆಯ ದಿನಾಂಕ ಹಾಕದಿದ್ದರೆ ಆ ನಿರ್ಬಂಧ ವರ್ಷವಾದರೂ ಹಾಗೇ ಉಳಿಯುತ್ತದೆ.

ತೂಕ ನಿರ್ಧರಿಸಲು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಸೂತ್ರ ನೆರವಾಗುತ್ತದೆ. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ 75 ಸೆಂ.ಮೀ. ಎತ್ತರದಲ್ಲಿ, ಮೈಗೆ 25 ಸೆಂ.ಮೀ. ಹತ್ತಿರದಲ್ಲಿರುವ ವಸ್ತುವಿಗೆ ಮಿತಿ 23 ಕೆ.ಜಿ. ಅದನ್ನೇ ನೆಲದ ಮೇಲೆ, 40 ಸೆಂ.ಮೀ. ದೂರದಲ್ಲಿಟ್ಟು ಮೇಜಿನ ಮಟ್ಟಕ್ಕೆ ಎತ್ತಿಸಿದರೆ ಮಿತಿ 10 ಕೆ.ಜಿ.ಗೂ ಕೆಳಗಿಳಿಯುತ್ತದೆ. ಇದು ಗಟ್ಟಿಮುಟ್ಟಾಗಿರುವವರ ಲೆಕ್ಕ, ಅದೂ ಸೊಂಟ ತಿರುಚದೆ, ಆಗೊಮ್ಮೆ ಈಗೊಮ್ಮೆ ಎತ್ತುವಾಗ. ಮರಳಿ ಬಂದವರನ್ನು ಇದರ ಅರ್ಧಕ್ಕೂ ಕಡಿಮೆಯಿಂದ ಶುರು ಮಾಡಿಸುವುದು ಲೇಸು. ಪೆಟ್ಟಿಗೆಯನ್ನು ನೆಲದಿಂದ ಸ್ಟ್ಯಾಂಡ್ ಮೇಲಕ್ಕೆ ಏರಿಸಿದರೆ ಪಕ್ಕದಲ್ಲಿ ದುಡಿಯುವವರ ಸೊಂಟವೂ ಉಳಿಯುತ್ತದೆ.

ಮರಳಿ ಕೆಲಸ, ಮತ್ತು ಸಂಬಳ

ಮೊದಲ ವಾರದೊಳಗೆ ಸೂಪರ್‌ವೈಸರ್ ಫೋನ್ ಮಾಡಲಿ. ‘ಯಾವಾಗ ಬರ್ತೀಯ’ ಎಂದಲ್ಲ, ‘ಹೇಗಿದೆ ಸೊಂಟ? ಓಡಾಡ್ತಾ ಇದ್ದೀರಾ? ಬಂದಾಗ ಸುಲಭದ ಕೆಲಸ ಇಟ್ಟಿದ್ದೀವಿ’ ಎಂದು. ಲೇಬಲ್ ಹಚ್ಚುವುದು, ಗೇಜ್ ಹಿಡಿದು ತಪಾಸಣೆ, ಟೂಲ್‌ರೂಮ್ ಲೆಕ್ಕ, ಹೊಸಬರಿಗೆ ಕಲಿಸುವುದು, ಇಂಥ ಹತ್ತಿಪ್ಪತ್ತು ಕೆಲಸಗಳ ಪಟ್ಟಿ ಪೆಟ್ಟಾಗುವ ಮೊದಲೇ ಸಿದ್ಧವಿರಬೇಕು. ಗೇಟ್ ಬಳಿ ಸುಮ್ಮನೆ ಕೂರಿಸುವುದನ್ನು ಜನ ಶಿಕ್ಷೆಯೆಂದೇ ತಿಳಿಯುತ್ತಾರೆ.

ಸಂಬಳ ಪಡೆದು ಕೆಲಸ ಮಾಡಿದ ದಿನಕ್ಕೆ ಇಎಸ್‌ಐ ಅಶಕ್ತತಾ ಭತ್ಯೆ ಇಲ್ಲ. ಅರ್ಧ ದಿನ ಕರೆಸಿ ಅರ್ಧ ಕೂಲಿ ಕೊಟ್ಟರೆ ಆ ದಿನದ ಶೇ 90 ಕೂಡ ಹೋಯಿತು. ಓವರ್‌ಟೈಮ್, ಇನ್ಸೆಂಟಿವ್ ಇಲ್ಲದ ಲೈಟ್ ಡ್ಯೂಟಿ ಸಂಬಳ ಮನೆಯಲ್ಲಿದ್ದರೆ ಸಿಗುವ ಭತ್ಯೆಗಿಂತ ಕಡಿಮೆಯಾಗಬಹುದು. ಹಾಗಿರುವಾಗ ಬಾರದವರನ್ನು ಮೈಗಳ್ಳರೆನ್ನುವುದು ಅನ್ಯಾಯ. ಮೊದಲ ವಾರಗಳಲ್ಲಿ ಪೆಟ್ಟಿನ ಹಿಂದಿನ ಸರಾಸರಿಯನ್ನೇ ಕೊಡಿ. ನುರಿತವರು ಬಿಟ್ಟುಹೋದರೆ ಆಗುವ ನಷ್ಟದ ಮುಂದೆ ಇದು ಸಣ್ಣ ಮೊತ್ತ.

ವಾರಕ್ಕೊಮ್ಮೆ ಒಂದನ್ನೇ ಬದಲಿಸಿ: ತೂಕ, ಇಲ್ಲವೇ ಎತ್ತುವ ಎತ್ತರ, ಇಲ್ಲವೇ ಗಂಟೆಗೆಷ್ಟು ಸಲ ಎಂಬುದು. ಮೂರನ್ನೂ ಒಟ್ಟಿಗೆ ಏರಿಸಿದರೆ ನೋವು ಮರುಕಳಿಸಿದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ಸಂಜೆ ನೋವು ಸ್ವಲ್ಪ ಹೆಚ್ಚಿ ಬೆಳಿಗ್ಗೆ ಇಳಿದರೆ ಅದೇ ಮಟ್ಟದಲ್ಲಿ ಮುಂದುವರಿಸಿ. ಮಾರನೆಯ ದಿನವೂ ಹಾಗೇ ಇದ್ದರೆ ಒಂದು ಹಂತ ಕೆಳಗಿಳಿಸಿ, ರಜೆಗೆ ಕಳಿಸಬೇಡಿ.

ಎರಡು ವಾರವಾದರೂ ಸುಧಾರಣೆ ಕಾಣದಿದ್ದರೆ ಬೆನ್ನಿನ ಜೊತೆ ಮನಸ್ಸನ್ನೂ ವಿಚಾರಿಸಿ. ಅಲುಗಾಡಿದರೆ ಅಪಾಯ ಅನಿಸುತ್ತಿದೆಯೇ, ಇದು ಎಂದೂ ವಾಸಿಯಾಗದು ಅನಿಸುತ್ತಿದೆಯೇ, ಮೇಲಿನವರೊಂದಿಗೆ ಜಗಳವಿದೆಯೇ? ಸ್ಟಾರ್ಟ್ ಬ್ಯಾಕ್ ಎಂಬ 9 ಪ್ರಶ್ನೆಗಳ ಪಟ್ಟಿಯಲ್ಲಿ ಮೊದಲ ಎರಡರಂಥ ಪ್ರಶ್ನೆಗಳಿವೆ, ಐದು ನಿಮಿಷದ ಕೆಲಸ. ಭಯ ಹೆಚ್ಚಿರುವವರನ್ನು ಯಂತ್ರದ ಶಾಖಕ್ಕಲ್ಲ, ವ್ಯಾಯಾಮ ಕಲಿಸಿ ಧೈರ್ಯ ತುಂಬುವ ಫಿಸಿಯೊಥೆರಪಿಸ್ಟ್ ಬಳಿ ಕಳಿಸಿ.

ಆರು ವಾರದ ನಂತರವೂ ಕಾಲಿಗಿಳಿಯುವ ನೋವು ಜೋರಾಗಿದ್ದರೆ ಆಗ ಎಂಆರ್‌ಐ ಮತ್ತು ತಜ್ಞರ ಸಲಹೆ ಸರಿ. ಚಿಕಿತ್ಸೆ ಮುಗಿದ ಮೇಲೂ ಕುಂದು ಉಳಿದರೆ ದುಡಿಯುವ ಶಕ್ತಿ ಎಷ್ಟು ಹೋಗಿದೆ ಎಂದು ತೀರ್ಮಾನಿಸುವುದು ಇಎಸ್‌ಐ ಮೆಡಿಕಲ್ ಬೋರ್ಡ್, ಕಾರ್ಖಾನೆಯಲ್ಲ. ಬೋರ್ಡ್ ಮುಂದೆ ಹೋಗುವಾಗ ಅಪಘಾತ ವರದಿಯ ಪ್ರತಿ, ಎಲ್ಲ ಚೀಟಿಗಳು, ವಾರವಾರದ ಕೆಲಸದ ಮಿತಿಯ ಹಾಳೆಗಳು ಕೈಯಲ್ಲಿರಲಿ. ಗುತ್ತಿಗೆ ಕಾರ್ಮಿಕರು ಪ್ರತಿಯೊಂದರ ಜೆರಾಕ್ಸ್ ಮನೆಯಲ್ಲೂ ಇಟ್ಟುಕೊಳ್ಳಬೇಕು, ಏಕೆಂದರೆ ಗುತ್ತಿಗೆದಾರ ಬದಲಾದರೆ ಅವರ ಬಳಿಯಿದ್ದ ಕಡತ ಕೈಗೆ ಸಿಗುವುದು ಕಷ್ಟ.