ಮಕ್ಕಳ ಕೈಯಿಂದಲೇ ಪಿಜ್ಜಾ: ಮನೆಮಂದಿಯ ರಾತ್ರಿಯೂಟಕ್ಕೆ ಒಂದು ಕೈಪಿಡಿ

ಮಕ್ಕಳನ್ನು ಸೇರಿಸಿಕೊಂಡು ಪಿಜ್ಜಾ ಮಾಡಹೊರಟ ರಾತ್ರಿಯೂಟ ಕೆಡುವುದು ಹೆಚ್ಚಾಗಿ ಹೊತ್ತಿನ ಲೆಕ್ಕ ತಪ್ಪುವುದರಿಂದ. ಸಂಜೆ ಏಳಕ್ಕೆ ಮೈದಾ ಡಬ್ಬಿಯ ಮುಚ್ಚಳ ತೆಗೆದರೆ, ಹಿಟ್ಟು ಕಲಸಿ, ಅದು ಉಬ್ಬಿ, ಬೇಯುವಷ್ಟರಲ್ಲಿ ಒಂಬತ್ತೂವರೆ ದಾಟಿರುತ್ತದೆ. ಅಷ್ಟರೊಳಗೆ ಮಕ್ಕಳು ಬಿಸ್ಕತ್ತು ತಿಂದು ಹೊಟ್ಟೆ ತುಂಬಿಸಿಕೊಂಡಿರುತ್ತಾರೆ, ಇಲ್ಲವೇ ಹಸಿವಿನಿಂದ ರಚ್ಚೆ ಹಿಡಿದಿರುತ್ತಾರೆ. ಆದ್ದರಿಂದ ಭಾನುವಾರದಂಥ ಬಿಡುವಿನ ದಿನವನ್ನು ಆರಿಸಿಕೊಂಡು ಕೆಲಸವನ್ನು ಎರಡು ಹೊತ್ತಿಗೆ ಹಂಚಬೇಕು: ಮಧ್ಯಾಹ್ನ ನಾಲ್ಕರ ಸುಮಾರಿಗೆ ಹಿಟ್ಟು ಮತ್ತು ಸಾಸ್, ಏಳರ ನಂತರ ಜೋಡಿಸುವುದು ಮತ್ತು ಬೇಯಿಸುವುದು. ಜೊತೆಗೆ, ಒಂದೇ ದೊಡ್ಡ ಪಿಜ್ಜಾ ಮಾಡಿ ಎಲ್ಲರಿಗೂ ಹಂಚುವ ಬದಲು ತಲೆಗೊಂದರಂತೆ ಚಿಕ್ಕ ಪಿಜ್ಜಾಗಳನ್ನು ಮಾಡುವುದು ಉತ್ತಮ. ತನ್ನದೆಂಬ ಪಿಜ್ಜಾ ಒಂದಿದ್ದರೆ ಮಗು ಹಿಟ್ಟು ಕಲಸುವಲ್ಲಿಂದ ಬೇಯುವವರೆಗೂ ಅಡುಗೆಮನೆ ಬಿಟ್ಟು ಕದಲುವುದಿಲ್ಲ. ದೊಡ್ಡವರ ಪಿಜ್ಜಾದ ಮೇಲೆ ನಾಲ್ಕು ಕಾಳು ಜೋಳ ಉದುರಿಸುವ ಅವಕಾಶಕ್ಕಾಗಿ ಯಾವ ಮಗುವೂ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಏಳೆಂಟು ಅಂಗುಲ ಅಗಲದ ನಾಲ್ಕು ಪಿಜ್ಜಾಗಳಿಗೆ 400 ಗ್ರಾಂ ಮೈದಾ, ಸುಮಾರು 250 ಮಿಲಿಲೀಟರ್ ನೀರು, ಒಂದು ಟೀ ಚಮಚ ಯೀಸ್ಟ್, ಒಂದು ಟೀ ಚಮಚ ಸಕ್ಕರೆ, ಒಂದೂವರೆ ಟೀ ಚಮಚ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ ಸಾಕು. ಆಲಿವ್ ಎಣ್ಣೆಯೇ ಆಗಬೇಕೆಂದಿಲ್ಲ, ಸೂರ್ಯಕಾಂತಿ ಎಣ್ಣೆಯೂ ನಡೆಯುತ್ತದೆ. ಮೈದಾ ಬೇಡವೆನ್ನುವವರು ಅರ್ಧದಷ್ಟು ಗೋಧಿ ಹಿಟ್ಟನ್ನು ಸೇರಿಸಬಹುದು, ಆದರೆ ಗೋಧಿ ಹಿಟ್ಟು ಹೆಚ್ಚು ನೀರು ಕುಡಿಯುವುದರಿಂದ ಎರಡು ಮೂರು ಚಮಚ ನೀರನ್ನು ಹೆಚ್ಚಿಗೆ ಹಾಕಬೇಕಾಗುತ್ತದೆ. ರಾಗಿ ಹಿಟ್ಟನ್ನು ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಬೆರೆಸದಿರುವುದು ಒಳ್ಳೆಯದು. ಎಳೆದರೆ ಹಿಗ್ಗುವ ಗುಣವನ್ನು ಹಿಟ್ಟಿಗೆ ಕೊಡುವ ಗ್ಲುಟೆನ್ ರಾಗಿಯಲ್ಲಿ ಇಲ್ಲದಿರುವುದರಿಂದ, ಹೆಚ್ಚಾದಷ್ಟೂ ಬೇಸ್ ಬಿರುಕು ಬಿಡುತ್ತದೆ.

ಯೀಸ್ಟನ್ನು ನೀರಿಗೆ ಹಾಕುವ ಕೆಲಸವನ್ನು ಮಗುವಿಗೇ ಬಿಡಬೇಕು. ಗಾಜಿನ ಲೋಟದಲ್ಲಿ ಅರ್ಧ ಲೋಟ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಸಕ್ಕರೆ ಕರಗಿಸಿ, ಯೀಸ್ಟ್ ಉದುರಿಸಿ, ಹತ್ತು ನಿಮಿಷ ಬಿಟ್ಟರೆ ಮೇಲೆ ನೊರೆ ಕಟ್ಟುತ್ತದೆ. ಇನ್‌ಸ್ಟಂಟ್ ಯೀಸ್ಟನ್ನು ಹೀಗೆ ನೆನೆಸದೆ ನೇರವಾಗಿ ಹಿಟ್ಟಿಗೇ ಬೆರೆಸಬಹುದಾದರೂ, ಒಣಪುಡಿಯಂತೆ ಕಾಣುವ ವಸ್ತುವಿಗೆ ಜೀವವಿದೆ, ಅದು ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ ಎಂಬುದನ್ನು ಮಗು ಕಣ್ಣಾರೆ ಕಾಣಲೆಂದು ನೆನೆಸುವುದೇ ವಾಸಿ. ನೀರು ಬೆರಳಿಗೆ ಹಿತವಾಗಿ ಬೆಚ್ಚಗಿರಬೇಕು, ಎಂದರೆ 38ರಿಂದ 40 ಡಿಗ್ರಿ ಸೆಲ್ಸಿಯಸ್. 60 ಡಿಗ್ರಿಯ ಹತ್ತಿರಕ್ಕೆ ಹೋದರೆ ಯೀಸ್ಟ್ ಸತ್ತುಹೋಗುತ್ತದೆ. ಹತ್ತು ಹದಿನೈದು ನಿಮಿಷವಾದರೂ ನೊರೆ ಬಾರದಿದ್ದರೆ ಅದನ್ನು ಚೆಲ್ಲಿ ಹೊಸ ಯೀಸ್ಟ್ ತೆಗೆದುಕೊಳ್ಳಬೇಕೇ ಹೊರತು ಹಿಟ್ಟಿಗೆ ಸುರಿದು ಕಾಯುತ್ತ ಕೂರಬಾರದು.

ಅಗಲವಾದ ಪಾತ್ರೆಯಲ್ಲಿ ಮೈದಾ ಮತ್ತು ಉಪ್ಪನ್ನು ಬೆರೆಸಿ, ನಡುವೆ ಗುಂಡಿ ಮಾಡಿ, ನೊರೆಬಂದ ನೀರನ್ನೂ ಉಳಿದ ನೀರನ್ನೂ ಸ್ವಲ್ಪಸ್ವಲ್ಪವಾಗಿ ಹಾಕಿ ಕಲಸಬೇಕು. ಮೊದಲ ಎರಡು ಮೂರು ನಿಮಿಷ ಹಿಟ್ಟು ಮಗುವಿನ ಬೆರಳ ಸಂದುಗಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಒಂದು ಕೈಯಿಂದ ಬಿಡಿಸಹೋದರೆ ಇನ್ನೊಂದಕ್ಕೆ ಅಂಟುತ್ತದೆ, ಅಮ್ಮಾ ಎಂಬ ಕೂಗು ಏಳುತ್ತದೆ. ಇಲ್ಲಿ ದೊಡ್ಡವರು ಅವಸರಪಟ್ಟು ಒಣ ಮೈದಾವನ್ನು ಸುರಿಯಬಾರದು. ಎಣ್ಣೆ ಹಾಕಿ ನಾದುತ್ತ ಹೋದಂತೆ ಅಂಟು ತಾನಾಗಿ ಕಡಿಮೆಯಾಗುತ್ತದೆ, ಎಂಟು ಹತ್ತು ನಿಮಿಷಕ್ಕೆ ಹಿಟ್ಟು ಚಪಾತಿ ಹಿಟ್ಟಿಗಿಂತ ಮೃದುವಾಗಿ, ಹೋಳಿಗೆಯ ಕಣಕದ ಹದಕ್ಕೆ ಸಮೀಪವಾಗಿ ಬರುತ್ತದೆ. ಇಬ್ಬರು ಮಕ್ಕಳಿದ್ದರೆ ಹಿಟ್ಟನ್ನು ಎರಡು ಭಾಗ ಮಾಡಿ ಕೊಡುವುದರಿಂದ ಜಗಳವೂ ತಪ್ಪುತ್ತದೆ, ನಾದುವ ಪುಟ್ಟ ಕೈಗಳಿಗೂ ದಣಿವಾಗುವುದಿಲ್ಲ. ಹಸಿ ಹಿಟ್ಟಿನಲ್ಲಿ ರೋಗಕಾರಕ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯಿರುವುದರಿಂದ ಅದನ್ನು ಬಾಯಿಗೆ ಹಾಕಿಕೊಳ್ಳದಂತೆ ಮೊದಲೇ ಹೇಳಿರಬೇಕು. ಹೇಳಿದರೂ ಒಂದು ಕಣ್ಣಿಟ್ಟಿರಬೇಕು.

ನಾದಿದ ಹಿಟ್ಟನ್ನು ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಎರಡು ಪಟ್ಟಾಗುವವರೆಗೆ ಬಿಡಬೇಕು. ಪಾರದರ್ಶಕ ಡಬ್ಬಿಯಾದರೆ ಹಿಟ್ಟಿನ ಮಟ್ಟಕ್ಕೆ ಹೊರಗಡೆ ಒಂದು ರಬ್ಬರ್ ಬ್ಯಾಂಡ್ ಹಾಕಿಡಬಹುದು. ಅದರಿಂದ ಎಷ್ಟು ಮೇಲೆ ಬಂತೆಂದು ನೋಡಿಕೊಂಡು ಬರುವುದು ಮಕ್ಕಳಿಗೆ ಬೇಸರವಾಗದ ಕೆಲಸ. ಕಲಬುರಗಿಯ ಮೇ ತಿಂಗಳ ಸೆಕೆಯಲ್ಲಿ ಮುಕ್ಕಾಲು ಗಂಟೆಯೊಳಗೇ ಉಬ್ಬುವ ಹಿಟ್ಟಿಗೆ ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಒಂದೂವರೆ ಗಂಟೆಯಾದರೂ ಬೇಕಾಗುತ್ತದೆ, ಆದ್ದರಿಂದ ಗಡಿಯಾರಕ್ಕಿಂತ ಹಿಟ್ಟನ್ನೇ ನಂಬಬೇಕು. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ, ಅರ್ಧದಷ್ಟು ಮಾತ್ರ ಮೇಲೆದ್ದರೆ ಹದವಾಗಿದೆ ಎಂದು ತಿಳಿಯಬೇಕು.

ಈ ನಡುವೆ ಸಾಸ್ ಮಾಡಿಕೊಳ್ಳಬಹುದು. ಅರ್ಧ ಕಿಲೊ ಟೊಮೆಟೊ ಬೇಯಿಸಿ ಸಿಪ್ಪೆ ಸುಲಿದು, ಪೂರ್ತಿ ಆರಿದ ಮೇಲೆ ಮಗುವಿನ ಕೈಗೆ ಕೊಟ್ಟರೆ ಅದು ಮಿಕ್ಸಿಗಿಂತ ಚೆನ್ನಾಗಿ ಕಿವುಚಿ ಕೊಡುತ್ತದೆ. ಅಂಗಿಗೆ ಸಿಡಿಯುವುದು ಖಂಡಿತ, ಹಳೆಯ ಬಟ್ಟೆ ತೊಡಿಸಿರಬೇಕು. ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಬಾಡಿಸಿ, ಟೊಮೆಟೊ, ಉಪ್ಪು, ಚಿಟಿಕೆ ಸಕ್ಕರೆ, ಓರೆಗಾನೊ ಹಾಕಿ, ಸೌಟು ಎಳೆದರೆ ಬಾಣಲೆಯ ತಳ ಕಾಣುವಷ್ಟು ಗಟ್ಟಿ ಮಾಡಬೇಕು. ನಾಟಿ ಟೊಮೆಟೊದಲ್ಲಿ ರಸವೂ ಹುಳಿಯೂ ಹೆಚ್ಚಿರುವುದರಿಂದ ಸಕ್ಕರೆ ಒಂದಿಷ್ಟು ಮುಂದಿರಲಿ, ಕುದಿಸುವ ಹೊತ್ತೂ ಹೆಚ್ಚಲಿ. ಹಿತ್ತಲಲ್ಲಿ ಕಾಮಕಸ್ತೂರಿ ಗಿಡವಿದ್ದರೆ ನಾಲ್ಕು ಎಲೆ ಕಿತ್ತು ತರಲು ಮಕ್ಕಳನ್ನು ಕಳುಹಿಸಬಹುದು. ಅಂಗಡಿಯಲ್ಲಿ ಬೇಸಿಲ್ ಎಂದು ಮಾರುವುದೂ ಅದೇ ಜಾತಿಯ ಸಸ್ಯ.

ಸಾಸ್ ಕುದಿಯುವಾಗ ಹೇಳಲು ಪಿಜ್ಜಾಕ್ಕೆ ಒಳ್ಳೆಯ ಕಥೆಯೇ ಇದೆ. ಇಟಲಿಯ ರಾಣಿ ಮಾರ್ಗರಿಟಾ 1889ರಲ್ಲಿ ನೇಪಲ್ಸ್ ನಗರಕ್ಕೆ ಬಂದಾಗ ರಫಾಯೆಲೆ ಎಸ್ಪೊಸಿತೊ ಎಂಬ ಪಿಜ್ಜಾ ಬಾಣಸಿಗ ಕೆಂಪು ಟೊಮೆಟೊ, ಬಿಳಿ ಮೊಝರೆಲ್ಲಾ ಚೀಸ್, ಹಸಿರು ಬೇಸಿಲ್ ಎಲೆಗಳಿಂದ ಅವರ ದೇಶದ ಬಾವುಟದ ಬಣ್ಣಗಳನ್ನು ಪಿಜ್ಜಾದ ಮೇಲೆ ತಂದನೆಂದೂ, ಅದಕ್ಕೆ ರಾಣಿಯ ಹೆಸರೇ ಬಂತೆಂದೂ ಹೇಳುತ್ತಾರೆ. ಇತಿಹಾಸಕಾರರು ಇದನ್ನು ಅಷ್ಟಾಗಿ ನಂಬುವುದಿಲ್ಲವಾದರೂ ಮಕ್ಕಳಿಗೆ ಹೇಳಲು ಅಡ್ಡಿಯಿಲ್ಲ. ಆ ಊರಿನ ಹೆಸರಾಂತ ಮೊಝರೆಲ್ಲಾ ತಯಾರಾಗುವುದು ಎಮ್ಮೆ ಹಾಲಿನಿಂದ ಎಂಬ ಮಾತು ಹಳ್ಳಿಯಲ್ಲಿ ಅಜ್ಜಿಮನೆಯಿರುವ ಮಕ್ಕಳಿಗೆ ರಾಣಿಗಿಂತಲೂ ಹೆಚ್ಚು ಹಿಡಿಸುತ್ತದೆ. ನೇಪಲ್ಸ್‌ನ ಪಿಜ್ಜಾ ಬಾಣಸಿಗರ ಕೌಶಲವನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಅಲ್ಲಿನ ಸೌದೆ ಒಲೆಯ ಶಾಖ 430 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿರುವುದರಿಂದ ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ನಮ್ಮ ಮನೆಗಳ ಓಟಿಜಿ, ಎಂದರೆ ಮೇಜಿನ ಮೇಲಿಡುವ ಚಿಕ್ಕ ವಿದ್ಯುತ್ ಓವನ್, ಸಾಮಾನ್ಯವಾಗಿ 250 ಡಿಗ್ರಿಗೆ ನಿಲ್ಲುತ್ತದೆ, ಒಂದು ಸಲಕ್ಕೆ ಒಂದೋ ಎರಡೋ ಪಿಜ್ಜಾ ಮಾತ್ರ ಹಿಡಿಸುತ್ತದೆ. ಹಾಗಾಗಿ ಮಕ್ಕಳು ಜೋಡಿಸಲು ಕೂರುವ ಮುನ್ನವೇ ಬೇಸ್‌ಗಳನ್ನು ಅರೆಬೇಯಿಸಿಟ್ಟುಕೊಳ್ಳುವುದು ಈ ಇಡೀ ಕೆಲಸದ ಗುಟ್ಟು ಎನ್ನಬಹುದು. ಉಬ್ಬಿದ ಹಿಟ್ಟನ್ನು ನಾಲ್ಕು ಉಂಡೆ ಮಾಡಿ, ಹತ್ತು ನಿಮಿಷ ಬಿಟ್ಟು, ಬೆರಳತುದಿಯಿಂದ ನಡುವಿನಿಂದ ಅಂಚಿನ ಕಡೆಗೆ ತಟ್ಟಬೇಕು. ಲಟ್ಟಣಿಗೆ ಬಳಸಿದರೂ ಅಪರಾಧವಲ್ಲ, ಅಂಚು ಮಾತ್ರ ಉಬ್ಬುವುದಿಲ್ಲ. ಮಗು ತಟ್ಟಿದ್ದು ನಕ್ಷೆಯ ಯಾವುದೋ ರಾಜ್ಯದ ಆಕಾರಕ್ಕೆ ಬಂದರೆ ಹಾಗೆಯೇ ಇರಲಿ. ತಟ್ಟೆಗೆ ಚಿರೋಟಿ ರವೆ ಉದುರಿಸಿದರೆ ತಳ ಅಂಟುವುದಿಲ್ಲ, ಗರಿಗರಿಯೂ ಆಗುತ್ತದೆ. ಕಾದ ಓವನ್‌ನಲ್ಲಿ ನಾಲ್ಕೈದು ನಿಮಿಷ, ಬಣ್ಣ ಬರುವ ಮೊದಲೇ ತೆಗೆದು ಆರಿಸಿಟ್ಟರೆ, ಏಳು ಗಂಟೆಗೆ ಮಕ್ಕಳ ಮುಂದೆ ಹರಿಯದ, ಅಂಟದ ಬೇಸ್ ಸಿದ್ಧವಿರುತ್ತದೆ.

ಮೇಲೆ ಹಾಕುವ ಪದಾರ್ಥಗಳನ್ನು ಹೆಚ್ಚುವಾಗ ವಯಸ್ಸು ನೋಡಿ ಕೆಲಸ ಕೊಡಬೇಕು. ನಾಲ್ಕೈದು ವರ್ಷದವರು ತರಕಾರಿ ತೊಳೆಯಲಿ, ಎಲೆ ಹರಿಯಲಿ. ಏಳೆಂಟು ವರ್ಷದವರು ದೊಡ್ಡವರ ಎದುರಿನಲ್ಲಿ ಚೀಸ್ ತುರಿಯಲಿ, ಕೊನೆಯ ತುಂಡನ್ನು ಬೆರಳು ತರಿಯದಂತೆ ಬಿಟ್ಟುಬಿಡಲಿ. ಹತ್ತು ದಾಟಿದವರು ಚಾಕು ಹಿಡಿಯಲಿ. ಚೀಸನ್ನು ಫ್ರಿಜ್ಜಿನಿಂದ ಆಗಷ್ಟೇ ತೆಗೆದು ತುರಿದರೆ ಮುದ್ದೆಯಾಗುವುದಿಲ್ಲ. ಒಂದು ಪಿಜ್ಜಾಕ್ಕೆ 50ರಿಂದ 60 ಗ್ರಾಂ ಮೊಝರೆಲ್ಲಾ ಸಾಕು. ಅಣಬೆಯನ್ನು ಮೊದಲೇ ಬಾಡಿಸಿ ನೀರು ಇಂಗಿಸದಿದ್ದರೆ ಬೇಸ್ ತೊಯ್ದುಹೋಗುತ್ತದೆ, ದಪ್ಪಮೆಣಸಿನಕಾಯಿ ಮತ್ತು ಈರುಳ್ಳಿಯನ್ನು ತೆಳ್ಳಗೆ ಹೆಚ್ಚದಿದ್ದರೆ ಅವು ಹಸಿಯಾಗಿಯೇ ಉಳಿಯುತ್ತವೆ.

ಎಲ್ಲ ಪದಾರ್ಥಗಳನ್ನೂ ಮೇಜಿನ ನಡುವೆ ರಾಶಿ ಹಾಕಿದರೆ ಚಿಕ್ಕ ಮಗು ಜೋಳವನ್ನೆಲ್ಲ ತನ್ನ ಪಿಜ್ಜಾದ ನಟ್ಟನಡುವೆ ಗುಡ್ಡೆ ಹಾಕುತ್ತದೆ, ಅಕ್ಕ ದೂರು ಹೇಳುತ್ತಾಳೆ, ಅಪ್ಪ ಸರಿಮಾಡಲು ಕೈಹಾಕುತ್ತಾರೆ, ಅಲ್ಲಿಗೆ ಉತ್ಸಾಹ ಮುಗಿಯುತ್ತದೆ. ಇದಕ್ಕೆ ಬದಲಾಗಿ ಒಬ್ಬೊಬ್ಬರಿಗೂ ಒಂದು ಚಿಕ್ಕ ಬಟ್ಟಲು ಕೊಟ್ಟು, ಬೇಕಾದ್ದನ್ನು ಅದರಲ್ಲಿ ಹಿಡಿಸುವಷ್ಟು ಆರಿಸಿಕೊಳ್ಳಲು ಹೇಳಬೇಕು. ಅಳತೆಯನ್ನು ಬಟ್ಟಲು ನೋಡಿಕೊಳ್ಳುತ್ತದೆ; ಜೋಡಿಸುವುದನ್ನು ಮಗುವಿಗೆ ಬಿಟ್ಟು ದೊಡ್ಡವರು ತಮ್ಮ ತಮ್ಮ ಪಿಜ್ಜಾ ನೋಡಿಕೊಳ್ಳುವುದು ಲೇಸು. ಸಾಸ್ ಮಾತ್ರ ಎರಡು ಮೂರು ಚಮಚ ಮೀರದಿರಲಿ. ತರಕಾರಿಯೆಂದರೆ ಮುಖ ತಿರುಗಿಸುವ ಮಗುವಿನ ಬಟ್ಟಲಿಗೆ ಬಲವಂತವಾಗಿ ಕ್ಯಾಪ್ಸಿಕಂ ಹಾಕುವುದಕ್ಕೆ ಇದು ಸಮಯವಲ್ಲ.

ಓವನ್ನಿನ ಬಾಗಿಲು ತೆಗೆಯುವುದೂ ಬಿಸಿ ತಟ್ಟೆ ಹಿಡಿಯುವುದೂ ದೊಡ್ಡವರ ಕೆಲಸ. 250 ಡಿಗ್ರಿಯಲ್ಲಿ ಹದಿನೈದು ನಿಮಿಷ ಮೊದಲೇ ಕಾಯಿಸಿಟ್ಟು, ಕೆಳಗಿನ ಅಂತಸ್ತಿನಲ್ಲಿ ಆರೆಂಟು ನಿಮಿಷ ಬೇಯಿಸಿದರೆ ಚೀಸ್ ಕರಗಿ ಅಲ್ಲಲ್ಲಿ ಕಂದು ಚುಕ್ಕೆ ಮೂಡುತ್ತದೆ. ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಕಾವಲಿಯೇ ಸಾಕು: ಅರೆಬೇಯಿಸದ ಬೇಸನ್ನು ಒಂದು ಬದಿ ಬೇಯಿಸಿ, ತಿರುವಿ, ಬೆಂದ ಬದಿಯ ಮೇಲೆ ಎಲ್ಲ ಜೋಡಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬಿಡಬೇಕು. ಕಂದು ಚುಕ್ಕೆ ಬರುವುದಿಲ್ಲ, ರುಚಿಗೇನೂ ಕೊರತೆಯಿಲ್ಲ.

ನಾಲ್ಕೂ ಪಿಜ್ಜಾ ಬೇಯುವವರೆಗೆ ಕಾದರೆ ಮೊದಲನೆಯದು ತಣ್ಣಗಾಗುತ್ತದೆ. ಹೊರಬಂದದ್ದನ್ನು ಬಂದ ಹಾಗೆ ಕತ್ತರಿಸಿ, ಅದನ್ನು ಮಾಡಿದವರ ಕೈಯಿಂದಲೇ ಎಲ್ಲರಿಗೂ ಒಂದೊಂದು ತುಂಡು ಬಡಿಸಬೇಕು. ಬೇಯುವ ಸರದಿಯಲ್ಲಿ ಅತಿ ಚಿಕ್ಕವರದು ಮೊದಲಿರಲಿ, ಅವರಿಗೆ ಕಾಯುವ ತಾಳ್ಮೆ ಕಡಿಮೆ, ನಿದ್ದೆ ಬೇಗ. ಉಳಿದ ಹಿಟ್ಟನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಬರುತ್ತದೆ. ಉಳಿದ ಪಿಜ್ಜಾ ತುಂಡುಗಳನ್ನು ಆರಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಮರುದಿನ ಬೆಳಿಗ್ಗೆ ಕಾವಲಿಯ ಮೇಲೆ ಮುಚ್ಚಳ ಮುಚ್ಚಿ ಬಿಸಿ ಮಾಡಬೇಕು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಬೇಸ್ ಅಗಿಯಲಾಗದಷ್ಟು ಜಿಗುಟಾಗುತ್ತದೆ.