ತೊಟ್ಟಿಮನೆಯ ಡಬ್ಬಿ ಬೇಟೆ: ಮೂರನೇ ವರ್ಷಕ್ಕೆ ಕೈಹತ್ತಿದ ನನ್ನ ಅನುಭವ

"ಇವೆಲ್ಲಾ ನಡೆಯಾಕಿಲ್ಲ ಬುಡು ಮಗ. ಐಕ್ಳು ಮೊಬೈಲ್ ಬುಟ್ಟು ಬತ್ತವಾ?" ಅಂದಿದ್ದರು ದೊಡ್ಡಪ್ಪ, ಬಚ್ಚಿಟ್ಟ ಡಬ್ಬಿಗಳನ್ನು ಸುಳಿವು ಹಿಡಿದು ಹುಡುಕುವ ಆಟ ಆಡಿಸುತ್ತೇನೆ ಅಂದಾಗ. ಮೊದಲೆರಡು ವರ್ಷ ಅವರ ಮಾತೇ ನಿಜವಾಯಿತು. ಈ ದಸರಾ ರಜೆಯಲ್ಲಿ ಹದಿನಾಲ್ಕು ಮಕ್ಕಳು, ಹತ್ತು ಹನ್ನೊಂದು ಹಿರಿಯರು ಮೂರು ಗಂಟೆ ಹೊತ್ತು ಊಟ ಮರೆತು ಮನೆ, ಹಿತ್ತಲು, ಕಣ ಎಲ್ಲಾ ಸುತ್ತಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಪಾಂಡವಪುರ ಕಡೆಯ ಹಳೇ ತೊಟ್ಟಿಮನೆ, ಹದಿನಾರು ಕಂಬದ್ದು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗೋಕೆ ಮುಂಚೆಯೇ ಮುತ್ತಜ್ಜ ಕಟ್ಟಿಸಿದ್ದು. ಆಗ ನಮ್ಮದೆಲ್ಲಾ ರಾಗಿ ಹೊಲ. ಆಮೇಲೆ ನಾಲೆ ನೀರು ಬಂತು, ಈಗ ವಿಶ್ವೇಶ್ವರಯ್ಯ ನಾಲೆ ಅನ್ನುವ ಇರ್ವಿನ್ ನಾಲೆಯದು. ಭತ್ತ, ಕಬ್ಬು, ಆಲೆಮನೆ ಬಂದವು. ಹಾಗಾಗಿ ಬೇಟೆಯ ದಾರಿಯನ್ನೂ ರಾಗಿಯಿಂದ ಕಬ್ಬಿನ ಕಡೆಗೇ ಹಾಕಿದೆ. ನೆಲದೊಳಗೆ ರಾಗಿ ತುಂಬಿಡುತ್ತಿದ್ದ ಹಗೇವಿನಿಂದ ಶುರು, ಆಲೆಮನೆ ಕೊಪ್ಪರಿಗೆ ಹತ್ತಿರ ಮುಕ್ತಾಯ.

ಈ ಆಟ ಇಂಗ್ಲೆಂಡಿನ ಡಾರ್ಟ್‌ಮೂರ್‌ನದು. 1854ರಲ್ಲಿ ಜೇಮ್ಸ್ ಪೆರಟ್ ಅನ್ನುವವರು ಕ್ರಾನ್ಮಿಯರ್ ಪೂಲ್ ಹತ್ತಿರ ಬಾಟಲಿ ಇಟ್ಟು, ಬಂದವರು ತಮ್ಮ ಹೆಸರಿನ ಚೀಟಿ ಬಿಟ್ಟುಹೋಗಲಿ ಅಂದಿದ್ದರಿಂದ ಬೆಳೆದದ್ದು. ಆಟ ಇಷ್ಟೇ: ಡಬ್ಬಿಯೊಳಗೊಂದು ಸೀಲು, ಒಂದು ಪುಸ್ತಕ. ಡಬ್ಬಿ ಹುಡುಕಿದವರು ಆ ಸೀಲನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು, ತಮ್ಮ ಗುರುತನ್ನು ಡಬ್ಬಿಯ ಪುಸ್ತಕದಲ್ಲಿ ಒತ್ತಿ ಬರಬೇಕು. ಅಲ್ಲಿ ಡಬ್ಬಿಗೆ ಮಳೆ, ಮಂಜಿನ ಕಾಟ. ನಮ್ಮಲ್ಲಿ ಇಲಿ, ಇರುವೆ, ಕೋತಿ.

ಮೊದಲ ವರ್ಷ ಹತ್ತು ಬಿಸ್ಕತ್ತು ಡಬ್ಬಿ ಇಟ್ಟೆ. ಒಳಗೆ ಬಹುಮಾನಕ್ಕೆ ಒಂದೊಂದು ಅಚ್ಚು ಬೆಲ್ಲ. ಬೆಳಗ್ಗೆ ನೋಡಿದರೆ ಇರುವೆಯ ಸಾಲು ಕಣದಿಂದ ಕೊಟ್ಟಿಗೆವರೆಗೆ. ಸುಳಿವಿನ ಅಗತ್ಯವೇ ಇಲ್ಲ, ಸಾಲು ಹಿಡಿದು ಹೋದರೆ ಡಬ್ಬಿ. ಅಟ್ಟದ ಮೇಲಿದ್ದದ್ದರ ಪುಸ್ತಕವನ್ನು ಇಲಿ ಕಡಿದಿತ್ತು. ಕೆಂಪು ಡಬ್ಬಿಯೊಂದನ್ನು ಕೋತಿ ಎತ್ತಿಕೊಂಡು ಹುಣಸೆಮರ ಹತ್ತಿತು, ಸಿಗಲೇ ಇಲ್ಲ. ಸೀಲುಗಳನ್ನು ಮೈಸೂರಲ್ಲಿ ಮಾಡಿಸಿದ್ದೆ, ಒಂದಕ್ಕೆ ನೂರೆಂಬತ್ತೋ ಇನ್ನೂರೋ. ಎಲ್ಲಾ ಸೇರಿ ನಾಲ್ಕು ಸಾವಿರದ ಹತ್ತಿರ ಕೈಬಿಟ್ಟಿತು. ಮನೆಯಾಕೆ ಆ ಲೆಕ್ಕ ಇನ್ನೂ ಮರೆತಿಲ್ಲ.

ಎರಡನೇ ವರ್ಷ ಪಂಪ್‌ಸೆಟ್ಟಿಗೆ ತಂದು ಮಿಕ್ಕಿದ್ದ ಎರಡಿಂಚು ಪಿವಿಸಿ ಪೈಪನ್ನು ಗೇಣುದ್ದ ಕತ್ತರಿಸಿ ಎರಡೂ ಕಡೆ ಕ್ಯಾಪ್ ಹಾಕಿದೆ. ಕ್ಯಾಪಿಗೆ ಇಪ್ಪತ್ತೈದು ರೂಪಾಯಿಯ ಆಸುಪಾಸು. ಇಲಿಯೂ ಸೋತಿತು, ಮಳೆಯೂ ಸೋತಿತು. ಆದರೆ ಗಾಳಿ ಹಿಡಿದುಕೊಂಡು ಕ್ಯಾಪ್ ಬಿಚ್ಚೋಕೆ ಆಗದೆ ಮಕ್ಕಳು ಅತ್ತರು. ಈಗ ಪೈಪಿನ ಬಾಯಿಗೆ ಒಂದು ವಸ್ತು ಸವರುತ್ತೇನೆ, ಐದು ವರ್ಷದ ಕೂಸೂ ಬಿಚ್ಚುತ್ತದೆ, ನೀರೂ ಇಳಿಯೋಲ್ಲ. ಅದು ಏನು ಅಂತ ಮಾತ್ರ ಹೇಳೋಲ್ಲ, ಅಡುಗೆಮನೆಯಲ್ಲೇ ಇದೆ.

ಆ ವರ್ಷ ಕೆಡಿಸಿದ್ದು ಸುಳಿವು. "ಬಾವಿಯಿಂದ ಪೂರ್ವಕ್ಕೆ ಇಪ್ಪತ್ತು ಹೆಜ್ಜೆ" ಅಂತ ಬರೆದಿದ್ದೆ. ಭಾವನ ಹೆಜ್ಜೆ ಎಲ್ಲಿ, ಅವರ ಮಗಳ ಹೆಜ್ಜೆ ಎಲ್ಲಿ! ಮೊಬೈಲಿನ ಜಿಪಿಎಸ್ ನೋಡಿ ಅಂದರೆ ಅದು ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಕೊಟ್ಟಿಗೆ ಅಂದರೆ ಬಚ್ಚಲುಮನೆಗೆ ಕರೆದುಕೊಂಡು ಹೋಯಿತು. ದೊಡ್ಡ ಹುಡುಗರು ಅರ್ಧ ಗಂಟೆಗೇ ಜಗುಲಿ ಮೇಲೆ ಕೂತು ಫೋನ್ ತೆಗೆದರು.

ಈ ಸಲ ತಂಡಕ್ಕೊಂದರಂತೆ ಐದಡಿಯ ಬಿದಿರ ಕೋಲು ಕತ್ತರಿಸಿ ಕೊಟ್ಟೆ. ಅಳತೆಯ ಜಗಳ ಮುಗಿಯಿತು. ಸುಳಿವನ್ನು ಒಗಟು ಮಾಡಿದೆ. ಅದೂ ಹೇಗೆ, ಮಕ್ಕಳೇ ಬಿಡಿಸಲಾಗದು, ಹಿರಿಯರೇ ಹೋಗಿ ತೆಗೆಯಲಾಗದು. ಪದ ಹಿರಿಯರಿಗೆ ಗೊತ್ತು, ಬಗ್ಗಿ ನುಗ್ಗೋದು ಮಕ್ಕಳಿಗೆ. ಮೊದಲನೆಯದು:

ಬಾಯಿಗೆ ಕಲ್ಲು, ಹೊಟ್ಟೆಗೆ ರಾಗಿ,
ತುಳಿದು ನಡೆದರೂ ತುಟಿ ಬಿಚ್ಚೋನಲ್ಲ.

ಐದು ತಂಡವೂ ಬೀಸೋಕಲ್ಲಿನ ಹತ್ತಿರ ಓಡಿತು. ಹತ್ತು ನಿಮಿಷ ಅದನ್ನೇ ತಿರುಗಿಸಿದರು. ಕಂಬಕ್ಕೆ ಒರಗಿ ಕೂತಿದ್ದ ದೊಡ್ಡಮ್ಮ ತಡೆಯಲಾರದೆ, "ಅಯ್ಯೋ ಕೂಸೇ, ಅದು ಹಗೇವು ಕಣವ್ವ. ನಾನು ಮದುವೆಯಾಗಿ ಬಂದ ವರ್ಷ ತೆಗೆದಿದ್ರು" ಅಂದರು. ಮಕ್ಕಳು ಅವರ ಕೈ ಹಿಡಿದು ಎಬ್ಬಿಸಿದರು. ಮಂಡಿನೋವು ಅಂತ ವರ್ಷದಿಂದ ಹೊಸಿಲು ದಾಟದ ದೊಡ್ಡಮ್ಮ ಅವತ್ತು ಕಣದವರೆಗೂ ನಡೆದರು.

ಡಬ್ಬಿ ಇದ್ದದ್ದು ಹಗೇವಿನ ಚಪ್ಪಡಿಯ ಪಕ್ಕ. ಒಳಗೆ ಎಂದಿಗೂ ಇಡಬೇಡಿ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ನಮ್ಮ ಹಿರಿಯರು ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ಆರುತ್ತದಾ ನೋಡಿಯೇ ಇಳಿಯುತ್ತಿದ್ದರು. ಹುಲ್ಲುಮೆದೆ, ಕಲ್ಲುಗುಡ್ಡೆಯೂ ಬೇಡ, ಹಾವಿನ ಭಯ. ಕಣ್ಣಿಗೆ ಕಂಡ ಮೇಲೇ ಕೈ ಹಾಕುವಂಥ ಜಾಗ ಮಾತ್ರ ನನ್ನದು.

ನಾಲ್ಕನೆಯದು: "ಒರಳಿಂದ ಕಣದ ಕಡೆಗೆ, ಖಂಡುಗಕ್ಕೆಷ್ಟು ಕೊಳಗವೋ ಅಷ್ಟು ಕೋಲು." ಖಂಡುಗ, ಕೊಳಗ ಅಂದರೆ ಹಳೇ ಕಾಲದ ಧಾನ್ಯದ ಅಳತೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಪೇಪರ್ ಓದುತ್ತಾ ಕೂತಿದ್ದ ದೊಡ್ಡಪ್ಪ ತಲೆ ಎತ್ತದೆಯೇ, "ಇಪ್ಪತ್ತು ಕಣ್ರಲಾ" ಅಂದರು. ಆಮೇಲೆ ಪೇಪರ್ ಮಡಿಚಿಟ್ಟು ಅವರೂ ಕೋಲು ಹಿಡಿದರು.

ಸೀಲಿನ ಕಥೆಯೂ ಇದೆ. ಈಗ ರಬ್ಬರ್ ಅಳಿಸುಕದಲ್ಲಿ ಬ್ಲೇಡಿನಿಂದ ನಾನೇ ಕೆತ್ತುತ್ತೇನೆ, ಒಂದಕ್ಕೆ ಹತ್ತು ರೂಪಾಯಿ. ಅಕ್ಷರ ಕೆತ್ತೋಕೆ ಹೋಗಿ ಒಂದು ಭಾನುವಾರ ಹಾಳಾಯಿತು, 'ಕೊಪ್ಪರಿಗೆ'ಯ ಪ ಒತ್ತು ಮೂರು ಸಲ ಉದುರಿತು. ಈಗ ಬರೀ ಚಿತ್ರ: ಕೊಳಗ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿ, ಕಬ್ಬಿನ ಗಾಣ. ನಡುವೆ ಅಳಲೆಕಾಯಿ, ಅನ್ನಭೇದಿ ಅನ್ನುವ ಕಬ್ಬಿಣದ ಲವಣ ಬೆರೆಸಿ ಹಳೇ ಕಾಲದ ಮಸಿಯನ್ನೂ ಕುದಿಸಿ ನೋಡಿದೆ. ಕಪ್ಪು ಅದ್ಭುತವಾಗಿ ಬಂತು, ಆದರೆ ನೋಟ್‌ಪುಸ್ತಕದ ಹಾಳೆಯಲ್ಲಿ ಹರಡಿ ಚಿತ್ರವೇ ಮುಳುಗಿತು. ಬೆಂಡೆಕಾಯಿ ಕತ್ತರಿಸಿ ಒತ್ತಿದರೆ ಮಾತ್ರ ಅದೇ ಮಸಿ ಚೆನ್ನಾಗಿ ಕೂರುತ್ತದೆ. ಚಿಕ್ಕವರಿಗೆ ಅದನ್ನೇ ಕೊಟ್ಟೆ, ಪ್ರತಿಯೊಬ್ಬರಿಗೂ ಒಂದೊಂದು ಹೂವಿನ ಗುರುತು. ಈ ವರ್ಷದ ಖರ್ಚು ಏಳುನೂರು ದಾಟಿಲ್ಲ.

ಒಂಬತ್ತು ಡಬ್ಬಿಯಲ್ಲಿ ಎಂಟು ಸಿಕ್ಕವು. ಒಂಬತ್ತನೆಯದು ಇವತ್ತಿಗೂ ಇಟ್ಟ ಜಾಗದಲ್ಲೇ ಇದೆ. ದೊಡ್ಡಪ್ಪ ವಾರಕ್ಕೊಮ್ಮೆ ಫೋನ್ ಮಾಡಿ, "ಪಡಸಾಲೆ ತೊಲೆ ಮೇಲಾ ಮಗ?" ಅಂತ ಕೇಳುತ್ತಾರೆ. ಅಲ್ಲಿಲ್ಲ.