ಒಂದು ತಿಂಗಳಲ್ಲಿ ಕಾದಂಬರಿಯ ಕರಡು: ಕೂರುವ ಮುನ್ನ ಆಗಬೇಕಾದ ಕೆಲಸ

ತಿಂಗಳಿಗೆ 50,000 ಪದ ಎಂಬ ಗುರಿ ಬಂದದ್ದು ನ್ಯಾನೊರೈಮೊ ಎಂಬ, ತಿಂಗಳಲ್ಲಿ ಕಾದಂಬರಿ ಬರೆಯುವ ಸವಾಲಿನಿಂದ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ 21 ಜನ ಅದನ್ನು ಶುರು ಮಾಡಿದರು. ಕನ್ನಡದಲ್ಲಿ ಬರೆಯುವವರು ಆ ಲೆಕ್ಕವನ್ನು ಹಾಗೇ ಹಿಡಿದರೆ ಸುಮ್ಮನೆ ಸೋಲುತ್ತಾರೆ. ನಮ್ಮಲ್ಲಿ ವಿಭಕ್ತಿ, ಕಾಲ, ಲಿಂಗ ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. ‘ಮನೆಯಿಂದ ಹೊರಟಿದ್ದಾಳಂತೆ’ ಎರಡೇ ಪದ. ಇಂಗ್ಲಿಷಿನಲ್ಲಿ ಇದಕ್ಕೆ ಆರೇಳು ಬೇಕು. ಮೊದಲ ಕರಡಿಗೆ 30,000 ಪದ ಇಟ್ಟುಕೊಳ್ಳಿ. ತಿಂಗಳಲ್ಲಿ ಐದು ದಿನ ಹೇಗೂ ಕೈತಪ್ಪುತ್ತವೆ, ಅವನ್ನು ಮೊದಲೇ ಕಳೆದುಬಿಡಿ. ಉಳಿದ 25 ದಿನಕ್ಕೆ ದಿನಕ್ಕೆ 1,200 ಪದ, 600ರಂತೆ ಎರಡು ಸಲ ಕೂತರೆ ಆಗುತ್ತದೆ.

ತಿಂಗಳನ್ನು ಪಂಚಾಂಗ ನೋಡಿಯೇ ಆರಿಸಿ. ಆಷಾಢ ಒಳ್ಳೆಯದು: ಮದುವೆ, ಗೃಹಪ್ರವೇಶ ಕಡಿಮೆ, ಹೊರಗೆ ಮಳೆ. ಶ್ರಾವಣ ಹಿಡಿದರೆ ವಾರಕ್ಕೊಂದು ಹಬ್ಬ ಎದುರಾಗುತ್ತದೆ.

ತಯಾರಿಗೆ ಮೂರು ವಾರ ಕೊಡಿ. ಮೊದಲ ವಾರ ಕಥೆಯನ್ನು ಎರಡು ಸಾಲಿಗೆ ಇಳಿಸಿ: ಯಾರಿಗೆ ಏನು ಬೇಕು, ಯಾವುದು ಅಡ್ಡ ಬರುತ್ತದೆ. ಪಾತ್ರಗಳ ಹುಟ್ಟಿದ ವರ್ಷ ಬರೆದಿಡಿ, ಇಲ್ಲದಿದ್ದರೆ ಹತ್ತನೇ ಅಧ್ಯಾಯದಲ್ಲಿ ತಾಯಿಗಿಂತ ಮಗಳು ಎಂಟೇ ವರ್ಷ ಚಿಕ್ಕವಳಾಗಿರುತ್ತಾಳೆ. ಹೆಸರುಗಳ ಮೊದಲ ಅಕ್ಷರ ಬೇರೆ ಬೇರೆ ಇರಲಿ.

ಹೆಚ್ಚಿನವರು ಮರೆಯುವುದು ನಿರೂಪಕನ ದನಿಯನ್ನು. ‘ಅಪ್ಪ ಬಂದ’ ಎನ್ನುತ್ತೀರೋ, ‘ಅಪ್ಪ ಬಂದರು’ ಎನ್ನುತ್ತೀರೋ? ಇದು ವ್ಯಾಕರಣದ ಪ್ರಶ್ನೆಯಷ್ಟೇ ಅಲ್ಲ. ನಿರೂಪಕ ಆ ಮನುಷ್ಯನಿಂದ ಎಷ್ಟು ದೂರ ನಿಂತಿದ್ದಾನೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ. ನಡುವೆ ಬದಲಾಯಿಸಿದರೆ ಪ್ರತಿ ಕ್ರಿಯಾಪದವನ್ನೂ ತಿದ್ದಬೇಕಾಗುತ್ತದೆ. ಮಾತುಕತೆಯೂ ಹಾಗೇ. ಧಾರವಾಡದವರು ‘ಬರ್ತೀನ್ರಿ’ ಅನ್ನುತ್ತಾರೋ ಇಲ್ಲವೋ ಎಂದು ಆಮೇಲೆ ಯೋಚಿಸುವ ಬದಲು, ಮುಖ್ಯ ಪಾತ್ರ ಒಂದೊಂದಕ್ಕೂ 20 ಸಾಲು ಸಂಭಾಷಣೆ ಬರೆದು, ಗಟ್ಟಿಯಾಗಿ ಓದಿ ನೋಡಿ. ನಿಮಗೆ ಪಳಗದ ಆಡುಮಾತನ್ನು ಮೊದಲ ಕಾದಂಬರಿಗೆ ಎಳೆದು ತರಬೇಡಿ.

ಎರಡನೇ ವಾರ ದೃಶ್ಯಗಳ ಚೀಟಿ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು ಸಾಕು. ದಿನಕ್ಕೊಂದು ದೃಶ್ಯದಂತೆ 25 ಚೀಟಿ, ಒಂದೊಂದರಲ್ಲಿ ಮೂರು ಸಾಲು:

ಬೆಳಿಗ್ಗೆ 6, ಬಸ್ ಸ್ಟ್ಯಾಂಡ್.
ರತ್ನ ಅಣ್ಣನ ಹತ್ತಿರ ಜಮೀನಿನ ಪತ್ರ ಕೇಳುತ್ತಾಳೆ.
ಪತ್ರ ಅಡವಿಟ್ಟಾಗಿದೆ ಎಂದು ಗೊತ್ತಾಗುತ್ತದೆ.

ಮೂರನೇ ಸಾಲು ಹೊಳೆಯದಿದ್ದರೆ ಅಲ್ಲಿ ದೃಶ್ಯವಿಲ್ಲ, ಬರೀ ವರ್ಣನೆ ಇದೆ ಎಂದರ್ಥ. 9ರಿಂದ 16ರವರೆಗಿನ ಚೀಟಿಗಳಿಗೆ ಹೆಚ್ಚು ಹೊತ್ತು ಕೊಡಿ. ಆರಂಭವೂ ಕೊನೆಯೂ ತಲೆಯಲ್ಲಿ ತಾವಾಗಿಯೇ ಇರುತ್ತವೆ, ನಡು ಮಾತ್ರ ಖಾಲಿ. ಬಹಳ ಕರಡುಗಳು ಬರವಣಿಗೆಯ ಎರಡನೇ ವಾರದಲ್ಲಿ ನಿಂತುಹೋಗುವುದು ಇದಕ್ಕೇ. ಬರೆಯುವವರು ಅದನ್ನು ಸೋಮಾರಿತನ ಎಂದುಕೊಂಡು ನೊಂದುಕೊಳ್ಳುತ್ತಾರೆ, ಪಾಪ.

ಮೂರನೇ ವಾರ ಸಲಕರಣೆ. ಟೈಪಿಂಗ್ ತಂತ್ರಾಂಶ ನುಡಿ, ಬರಹ ಯಾವುದೇ ಇರಲಿ, ಎಲ್ಲ ಕಡೆ ಸರಿಯಾಗಿ ತೆರೆದುಕೊಳ್ಳುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಆಸ್ಕಿ ಫಾಂಟಿನ ಕಡತ ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಹತ್ತು ನಿಮಿಷ ಟೈಪ್ ಮಾಡಿ ವೇಗ ಅಳೆಯಿರಿ. ನಿಮಿಷಕ್ಕೆ 20 ಪದವಾದರೆ 1,200ಕ್ಕೆ ಬರೀ ಬೆರಳಿನ ಕೆಲಸವೇ ಒಂದು ಗಂಟೆ, ಯೋಚನೆಗೆ ಇನ್ನೊಂದು. ನೋಟ್‌ಬುಕ್ಕಿನಲ್ಲಿ ಬರೆಯುವವರು ತಮ್ಮ ಒಂದು ಪುಟದ ಪದ ಎಣಿಸಿ, ದಿನದ ಗುರಿಯನ್ನು ಪುಟಕ್ಕೆ ಬದಲಿಸಿಕೊಳ್ಳಲಿ.

ಬರೆಯುವಾಗ ಗೊತ್ತಿಲ್ಲದ್ದು ಎದುರಾದರೆ, ಉದಾಹರಣೆಗೆ ಅಡಮಾನದ ಬಡ್ಡಿ ಎಷ್ಟು ಎಂದು, ಅಲ್ಲಿ ### ಹಾಕಿ ಮುಂದೆ ಹೋಗಿ. ಹುಡುಕಲು ಹೊರಟರೆ ಆ ದಿನ ಮುಗಿಯಿತು. ಒಂದು ದಿನ ತಪ್ಪಿದರೆ ಮರುದಿನ 2,400ಕ್ಕೆ ಕೈಹಾಕಬೇಡಿ. ಕಳೆದಿಟ್ಟ ಐದು ದಿನಗಳಲ್ಲಿ ಒಂದನ್ನು ಖರ್ಚು ಮಾಡಿ.

ಬರೆಯಲು ಶುರು ಮಾಡುವ ಹಿಂದಿನ ರಾತ್ರಿ ಮೊದಲ ಚೀಟಿಯನ್ನು ಮೇಜಿನ ಮೇಲಿಟ್ಟು, ಉಳಿದ 24ನ್ನು ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರಿನಲ್ಲಿಡಿ.